ಗ್ರೇ ಹೆಸರಿನ ಪದಕ

ಅಜ್ಜಿ ಡೀಲಿಯಾಳ ಕತೆಗಳಲ್ಲಿ ಮಾತನಾಡುವ ಕಡಲಪ್ರಾಣಿ ಸೀಲ್‌ಗಳಿದ್ದವು, ನೀರಿನಡಿ ಗಂಟೆ ಬಾರಿಸುವ ಊರುಗಳಿದ್ದವು. ಈ ಕತೆಯಲ್ಲಿ ಅವೇನೂ ಇಲ್ಲ. ಇರುವುದು ಅವಳ ಅಣ್ಣ ಮಲಾಕಿ ಟೂಹಿ, ಮತ್ತೆ ಒಂದು ಮೂಟೆ ಕೊಳೆ ಬಟ್ಟೆ.

ಮಲಾಕಿ ಹತ್ತೊಂಬತ್ತರಲ್ಲಿ ನೌಕಾಪಡೆಯ ಹಡಗಿನಿಂದ ಓಡಿಬಂದಿದ್ದ. ಎರಡು ವರ್ಷ ಬೇರೆ ಕೆಲಸ ಸಿಗಲಿಲ್ಲ. ಥಾಮಸ್ ಗ್ರೇ ಎಂದು ಹೆಸರು ಹೇಳಿ ಮತ್ತೆ ಅದೇ ಪಡೆಗೆ ಸೇರಿದ. ನಿಜ ಹೆಸರು ಗೊತ್ತಾದರೆ ಸೆರೆಮನೆ. ಅವನ ತಾಯಿ ಹನೋರಾ ಅವನ ಹಡಗು ನಿಲ್ಲುತ್ತಿದ್ದ ಬ್ರೂಕ್ಲಿನ್ನಿನ ಹಡಗುಕಟ್ಟೆಯ ಪಕ್ಕದ ಓಣಿಯಲ್ಲೇ ನಾವಿಕರ ಬಟ್ಟೆ ಒಗೆಯುತ್ತಿದ್ದಳು.

1881ರ ಜನವರಿಯಲ್ಲಿ ಹಡಗಿನ ಅಡುಗೆಯವನೊಬ್ಬ ಹಿಮಗಟ್ಟಿದ ಹಲಗೆಯಿಂದ ಜಾರಿ ನೀರಿಗೆ ಬಿದ್ದ. ಗ್ರೇ ಬೂಟು ಸಮೇತ ಹಾರಿ, ಅವನ ಕೂದಲು ಹಿಡಿದು ಮೇಲೆ ತಂದ. ಯುದ್ಧವಿಲ್ಲದಿದ್ದರೂ ಪದಕ ಕೊಡುವುದೆಂದಾಯಿತು.

"ನಾನು ನೋಡ್ಲೇಬೇಕು," ಎಂದಳು ಹನೋರಾ.

"ಅಮ್ಮಾ, ನಿನ್ನ ಬಾಯಿಂದ 'ನನ್ನ ಕಂದ' ಅಂತ ಬಂತೋ, ಅವನಿಗೆ ಬೇಡಿ ಬೀಳತ್ತೆ," ಎಂದಳು ಡೀಲಿಯಾ.

"ಬಾಯಿ ಹೊಲ್ಕೊಂಡೇ ಬರ್ತೀನಿ ಕಣೇ. ಬಟ್ಟೆ ಕೊಡೋ ನೆಪ ಇದೆಯಲ್ಲ."

ಪದಕ ಕೊಡುವ ದಿನ ತಾಯಿ ಮಗಳಿಬ್ಬರೂ ಬುಟ್ಟಿ ಹಿಡಿದು ಡೆಕ್ಕಿನ ಮೂಲೆಯಲ್ಲಿ ನಿಂತರು. ಕ್ಯಾಪ್ಟನ್ ಪದಕ ತೊಡಿಸಿದ. ಹಿಂದಿರುಗುವಾಗ ಹನೋರಾಳ ಮುಂದೆ ನಿಂತ.

"ಗ್ರೇಗೆ ಯಾರೂ ಇಲ್ವಂತೆ ಕಣಮ್ಮ. ತಾಯಿ ಇದ್ದಿದ್ರೆ ಎಷ್ಟು ಹೆಮ್ಮೆ ಪಡ್ತಿದ್ಲೋ!"

ಡೀಲಿಯಾ ತಾಯಿಯ ತೋಳು ಚಿವುಟಿದಳು.

"ಎಲ್ಲಾರೆದುರು ಅತ್ತು ಅವನ ಮಾನ ಕಳೀತಿದ್ಲು ಸ್ವಾಮಿ. ಇಲ್ದೇ ಇದ್ದದ್ದೇ ಒಳ್ಳೇದಾಯ್ತು," ಎಂದಳು ಹನೋರಾ.

ಕ್ಯಾಪ್ಟನ್ ನಕ್ಕು ಹೋದ. ಮಲಾಕಿ ತನ್ನ ಕೊಳೆ ಬಟ್ಟೆಯ ಗಂಟು ತಂದು ಅವಳ ಕಾಲ ಬಳಿ ಎಸೆದ.

"ಏನ್ ಬಟ್ಟೆಯಮ್ಮಾ, ಹೋದ್ಸಲ ಕಾಲರಿಗೆ ಗಂಜಿನೇ ಇರಲಿಲ್ಲ!"

"ಮೊದಲು ಕತ್ತು ತೊಳ್ಕೊಳಯ್ಯಾ, ಆಮೇಲೆ ಗಂಜಿ ಮಾತಾಡು!"

ನಾವಿಕರೆಲ್ಲ ಹೋ ಎಂದು ನಕ್ಕರು. ಮಲಾಕಿಯೂ ನಕ್ಕ, ಆದರೆ ತಲೆ ಎತ್ತಲಿಲ್ಲ.

ಕಟ್ಟೆಯ ಬಾಗಿಲಲ್ಲಿ ಪಹರೆಯವನು ಗಂಟಿಗೆ ಕೈ ಹಾಕಿ ಮೂಗು ಮುಚ್ಚಿಕೊಂಡ. "ಹೋಗಮ್ಮಾ, ಹೋಗು."

ಮನೆಯಲ್ಲಿ ಗಂಟು ಬಿಚ್ಚಿದಾಗ ಒಂದು ಕಾಲುಚೀಲ ಭಾರವಾಗಿತ್ತು. ಒಳಗೆ ಪದಕ. ಹನೋರಾ ಒದ್ದೆ ಕೈ ಒರೆಸಿಕೊಂಡು ಅದನ್ನು ತಿರುಗಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಏನಂತ ಬರ್ದಿದಾರೆ, ಓದೇ."

ಡೀಲಿಯಾ ಅಕ್ಷರಗಳನ್ನು ನೋಡಿದಳು. "ಮಲಾಕಿ ಟೂಹಿ," ಎಂದಳು.

"ಸುಳ್ಳಿ," ಎಂದಳು ಹನೋರಾ. ಪದಕವನ್ನು ಮತ್ತೆ ಅವಳ ಮುಂದೆ ಹಿಡಿದು, "ಇನ್ನೊಂದ್ಸಲ ಓದು."