ಗರಗಸ ತಿಂದಷ್ಟು ಮರ

ನಿತೇಶನ ಗಂಟಲಲ್ಲಿ ಅಂಕೋಲೆಯ ಅರ್ಧ ಊರು ಬಾಡಿಗೆ ಕೊಡದೆ ವಾಸವಾಗಿತ್ತು. ಬಸ್ ನಿಲ್ದಾಣದ ಕಂಟ್ರೋಲರು, ಕಾಲೇಜಿನ ಪ್ರಿನ್ಸಿಪಾಲರು, ಮೀನು ಮಾರುವ ಹೊನ್ನಿ, ಯಾರನ್ನು ಕರೆದರೂ ಹೊರಗೆ ಬರುತ್ತಿದ್ದರು. ಬಿ.ಕಾಂ. ಮುಗಿಸಿದವನು ಸದ್ಯಕ್ಕೆ ಸೋದರಮಾವ ತುಳಸಿದಾಸ ಆಚಾರಿಯ ಮರಗೆಲಸದ ಶೆಡ್ಡಿನಲ್ಲಿದ್ದ. ಡಿಗ್ರಿ ಸರ್ಟಿಫಿಕೇಟು ತೂಗುಹಾಕಲು ಗೋಡೆಗೆ ಹೊಡೆದ ಮೊಳೆಯೇ ಅವನ ಮೊದಲ ಬಡಗಿತನ. ಅದೂ ಸೊಟ್ಟ.

ಅವನ ಗಂಟಲಿಗೆ ಇತ್ತೀಚೆಗೆ ಬಂದು ಸೇರಿದವರು ಬೊಮ್ಮಯ್ಯ ನಾಯಕರು. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಈ ಹಿರಿಯರು ಮಾತಿಗೆ ಮುಂಚೆ ಒಂದು ಒಣಕೆಮ್ಮು ಕೆಮ್ಮಿ, 'ಹ್ಞಾ, ಕೇಳು' ಎಂದು ಶುರುಮಾಡಿ, 'ತಿಳೀತಲಾ?' ಎಂದು ಮುಗಿಸುತ್ತಿದ್ದರು. ಲಕೋಟೆಗೆ ಮೊದಲು ಅಂಟು, ಕೊನೆಗೆ ಮುದ್ರೆ ಎಂದು ನಿತೇಶ ನಗುತ್ತಿದ್ದ.

ನಾಯಕರ ಹಳೆಯ ಮನೆ ಇದ್ದ ಊರು ಕಾರವಾರದ ನೌಕಾನೆಲೆಗೆ ಹೋಗಿತ್ತು. ಅಂಕೋಲೆಗೆ ಬರುವ ಮೊದಲು ಅವರು ಮನೆ ಬಿಚ್ಚಿಸಿದ್ದರು. ಹೆಂಚು ಹೋಯಿತು, ಬಾಗಿಲು ಹೋಯಿತು. ಜಗಲಿಯ ಉದ್ದಕ್ಕೂ ಹಾಸಿದ್ದ ಹಲಸಿನ ಅಡ್ಡಮರವೊಂದನ್ನು ಮಾತ್ರ ಯಾರಿಗೂ ಕೊಡಲು ಅವರ ಹೆಂಡತಿ ಗಂಗೂ ಒಪ್ಪಲಿಲ್ಲ. ಅದು ಹಣಕೋಣದ ನೆಂಟರ ಕೊಟ್ಟಿಗೆಯಲ್ಲಿ ಮಲಗಿತ್ತು. ಈಗ ಗಂಗಮ್ಮನವರ ಕಣ್ಣು ಹೆಚ್ಚೂಕಡಿಮೆ ಹೋಗಿತ್ತು; ಹಗಲು ಬೆಳ್ಳಗೆ, ರಾತ್ರಿ ಕಪ್ಪಗೆ, ಅಷ್ಟೇ ಕಾಣುತ್ತಿತ್ತು. ಹೊಸ ಮನೆಯಲ್ಲಿ ಕೋಣೆಯಿಂದ ಹಿತ್ತಲ ಬಚ್ಚಲಿನವರೆಗೆ ಹಿಡಿದು ನಡೆಯಲು ಗೋಡೆಗೆ ಒಂದು ಕೈಹಿಡಿ ಬೇಕಾಗಿತ್ತು. ಕಬ್ಬಿಣದ ಪೈಪು ಹಾಕಿಸೋಣವೆಂದರೆ ಅವರು ಕೇಳಲಿಲ್ಲ. ಆ ಹಲಸಿಗೆ ತನ್ನ ಕೈ ಗೊತ್ತು ಎಂದರಂತೆ.

ಮರವನ್ನು ಇಡಿಯಾಗಿಯೇ ತರಬೇಕು, ಎಲ್ಲೂ ಕೊಯ್ಯಬಾರದು ಎಂದು ನಾಯಕರು ಶೆಡ್ಡಿಗೇ ಬಂದು ಹೇಳಿದ್ದರು. ತುಳಸಿದಾಸ ಅಳಿಯನನ್ನು ಹಣಕೋಣಕ್ಕೆ ಕಳಿಸಿದ. ಅಷ್ಟುದ್ದದ ಮರ ಹೇರಲು ಕಾರವಾರದಿಂದ ಖಾಲಿ ಮರಳುವ ಲಾರಿಯೊಂದನ್ನೂ ಗೊತ್ತುಮಾಡಿದ್ದ. ಆ ಲಾರಿ ಅಂದು ಬರಲಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆಂದು ಡ್ರೈವರ್ ಹೇಳಿಕಳಿಸಿದ. ನಿತೇಶನಿಗೆ ಅಂದೇ ಸಂಜೆ ಮಾಜಾಳಿಯಲ್ಲಿ ಆರ್ಕೆಸ್ಟ್ರಾದ ನಡುವೆ ಮಿಮಿಕ್ರಿಯಿತ್ತು, ಬ್ಯಾನರಿನಲ್ಲಿ ಹೆಸರೂ ಇತ್ತು. ಲಾರಿಗೆ ಕಾದು ಮರದ ಹತ್ತಿರವೇ ಉಳಿದರೆ ಅದು ತಪ್ಪುತ್ತಿತ್ತು. ಅಂಕೋಲೆಗೆ ಹೊರಟ ಟೆಂಪೋವೊಂದು ಅಲ್ಲೇ ನಿಂತಿತ್ತು. ಟೆಂಪೋ ಗಿಡ್ಡ, ಮರ ಉದ್ದ.

ಅವನು ಎಸ್‌ಟಿಡಿ ಬೂತಿಗೆ ಹೋಗಿ ಶೆಡ್ಡಿಗೆ ಫೋನು ಹಚ್ಚಿ, ಒಣಕೆಮ್ಮು ಕೆಮ್ಮಿದ.

"ಹ್ಞಾ, ಕೇಳು ತುಳಸಿದಾಸ. ಲಾರಿ ದಾರಿ ಕಾಯಬ್ಯಾಡ. ಮರ ನಡೂಕೆ ಕೊಯ್ದು ಟೆಂಪೋಕೆ ಹಾಕೂಕೆ ನಿನ್ನ ಅಳಿಯಂಗೆ ಹೇಳಿದ್ದೆ. ಆಮೇಲೆ ಕೂಡ್ಸಿಕೊಡು. ಗಂಗೂಗೆ ಮಾತ್ರ ಹೇಳಬ್ಯಾಡ. ತಿಳೀತಲಾ?"

ಆ ಕಡೆಯಿಂದ ಮಾವ, ಆಯ್ತು ಒಡೆಯಾ ಎಂದ. ಕೊಟ್ಟಿಗೆಯಲ್ಲೇ ಇದ್ದ ಗರಗಸ ಕೆಲಸ ಮುಗಿಸಿತು. ಸಂಜೆ ಮಾಜಾಳಿಯಲ್ಲಿ ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಮರುದಿನ ಶೆಡ್ಡಿಗೆ ಬಂದಾಗ ಮಾವ ಎರಡು ತುಂಡುಗಳನ್ನೂ ಪಕ್ಕಪಕ್ಕ ಮಲಗಿಸಿ, ಕೊಯ್ದ ಮುಖವನ್ನು ಅಂಗೈಯಿಂದ ಸವರುತ್ತ ಕೂತಿದ್ದ. ಹೊರಗೆ ಕಂದಾಗಿದ್ದ ಹಲಸು ಒಳಗೆ ಇನ್ನೂ ಅರಿಶಿನದಂತೆ ಹಳದಿ. ಮಾಲಕರೇ ಹೇಳಿದ ಮೇಲೆ ನಮ್ಮದೇನಿದೆ ಎಂದ ಮಾವ, ತನಗೇ ಹೇಳಿಕೊಂಡಂತೆ. ಬೈದಿದ್ದರೆ ನಿತೇಶನಿಗೆ ಹಗುರವಾಗುತ್ತಿತ್ತು.

ಒಂದು ತುಂಡಿನ ತುದಿಯನ್ನೇ ಸಣ್ಣಗೆ ಕಡಿದು ಇನ್ನೊಂದರ ಹೊಟ್ಟೆಗೆ ಸೇರಿಸಬಹುದಿತ್ತು. ಹಾಗೆ ಮಾಡಿದರೆ ಗೇಣುದ್ದ ಮರ ಒಳಗೇ ಹೋಗುತ್ತದೆ, ಬಚ್ಚಲ ಬಾಗಿಲು ಮುಟ್ಟುವುದಿಲ್ಲ. ಅದಕ್ಕೆ ಮಾವ ಎರಡೂ ತುಂಡಿನ ಮುಖಕ್ಕೆ ಉಳಿಯಿಂದ ಆಳವಾದ ಗೂಡು ತೋಡಿಸಿದ. ಹೊನ್ನೆ ಮರದ ಚಪ್ಪಟೆ ತುಂಡೊಂದನ್ನು ಬೇರೆಯಾಗಿ ಕೆತ್ತಿದ. ಅರ್ಧ ಈ ಗೂಡಿಗೆ, ಅರ್ಧ ಆ ಗೂಡಿಗೆ. ಮಾವ ಅದಕ್ಕೆ ಬಿಡಿನಾಲಿಗೆ ಎನ್ನುತ್ತಿದ್ದ. ಬೇರೆ ದಿನವಾಗಿದ್ದರೆ ಆ ಹೆಸರಿನ ಮೇಲೆ ನಿತೇಶ ಇಡೀ ಮಧ್ಯಾಹ್ನ ಕಳೆಯುತ್ತಿದ್ದ. ಈಗ ತನ್ನ ನಾಲಿಗೆ ಒಳಗಿಟ್ಟುಕೊಂಡು ಗೂಡು ತೋಡಿದ. ಎಂದೂ ಇಲ್ಲದ ಹಾಗೆ ಚಹಾಕ್ಕೂ ಏಳದೆ ದುಡಿಯುವ ಅಳಿಯನನ್ನು ಕಂಡು ಮಾವನಿಗೆ ಖುಷಿಯಾಯಿತು. ಆ ಖುಷಿ ನಿತೇಶನನ್ನು ಇನ್ನಷ್ಟು ಚುಚ್ಚಿತು.

ಗೋಂದು ಹಚ್ಚಿ ನಾಲಿಗೆ ಸೇರಿಸಿದರು. ಅಷ್ಟುದ್ದದ ಮರವನ್ನು ಬಿಗಿಯುವ ಪಟ್ಟು ಶೆಡ್ಡಿನಲ್ಲಿ ಇರಲಿಲ್ಲ. ತುದಿಯಿಂದ ತುದಿಗೆ ಕತ್ತದ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದರು. ಹಗ್ಗ ಕಿರುಗುಟ್ಟುತ್ತ ಎರಡೂ ತುಂಡನ್ನು ಒಂದರ ಬಾಯಿಗೊಂದು ಒತ್ತಿತು. ಮಾವ ನೂಲು ಹಿಡಿದು ನೋಡಿದ, ಎಲ್ಲೂ ಓರೆಯಿಲ್ಲ. ಒಂದೇ ಕೊರತೆ. ಗರಗಸ ತಿಂದಷ್ಟು ಮರ ಯಾವ ಬೆಸುಗೆಗೂ ವಾಪಸು ಬರುವುದಿಲ್ಲ. ಹಾಗಾಗಿ ಆ ಕಡೆಯಿಂದ ಬಂದ ಎಳೆ ಈ ಕಡೆಯ ಎಳೆಗೆ ಕೂದಲೆಳೆಯಷ್ಟು ತಪ್ಪಿ ಕೂತಿತ್ತು.

ಗೋಂದು ಒಣಗುತ್ತಿದ್ದಾಗ ನಾಯಕರು ಶೆಡ್ಡಿನ ಕಡೆ ಬರುವುದು ಕಂಡಿತು. ನಿತೇಶ ಓಡಿಹೋಗಿ ತಿರುವಿನಲ್ಲೇ ತಡೆದ. ಮಾವ ಮರ ನೋಡಲು ಸುಂಕಸಾಳಕ್ಕೆ ಹೋಗಿದ್ದಾನೆ ಎಂದ. ಒಳಗಿನಿಂದ ಮಾವ ಉಳಿ ಮಸೆಯುವ ಸದ್ದು ಬರುತ್ತಲೇ ಇತ್ತು. ನಾಯಕರು ಅದನ್ನು ಗಮನಿಸಲಿಲ್ಲ, ನಕ್ಕರು.

"ಮರ ಎಲ್ಲಿಗೆ ಬಂತು ಕೇಳೂಕೆ ಬಂದೆ ತಮಾ. ನಂಗೆ ಮರವೆ ಬಂದದೆ. ಮೊನ್ನೆ ಪೇಟೆಗೆ ಬಂದು, ಎಂತಕ್ಕೆ ಬಂದೆ ಹೇಳಿ ನೆನಪಾಗದೆ ಚಾ ಕುಡ್ದು ಹೋದೆ. ಗಂಗೂಗೆ ಹೇಳಬ್ಯಾಡ."

ಕೊನೆಯ ಮಾತು ಕೇಳಿ ನಿತೇಶನ ಕಿವಿ ಬಿಸಿಯಾಯಿತು. ಬೂತಿನಲ್ಲಿ ತಾನು ಆಡಿದ ಮಾತೂ ಅದೇ, ಕೆಮ್ಮೂ ಅದೇ.

ಕೈಹಿಡಿ ಕೂರಿಸುವ ದಿನ ಮರದ ಬುಡದ ಕಡೆಯನ್ನು ಕೋಣೆಗೆ, ತುದಿಯನ್ನು ಬಚ್ಚಲಿಗೆ ಮಾಡಿದರು. ಹಳೆಯ ಜಗಲಿಯಲ್ಲೂ ಅದು ಹಾಗೆಯೇ ತೆಂಕಿಗೆ ಬುಡ ಮಾಡಿ ಮಲಗಿತ್ತಂತೆ. ಗೂಟಗಳು ಬಿಗಿಯಾದ ಮೇಲೆ ಮಾವ ಗಂಗಮ್ಮನವರನ್ನು ಕರೆದ. ಅವರು ಬಂದು ಮರದ ಮೇಲೆ ಅಂಗೈಯಿಟ್ಟು ನಿಂತರು. ಆಮೇಲೆ ಹೊರಟರು. ಇದು ಮಗಳು ಸುನೀತಾಳ ತೊಟ್ಟಿಲು ತೂಗುತ್ತಿದ್ದ ಹಗ್ಗ ಕೊರೆದ ಗುರುತು, ಇದು ಅತ್ತೆ ವೀಳ್ಯದ ಸುಣ್ಣ ಒರೆಸುತ್ತಿದ್ದ ಗಂಟು ಎಂದು ತಮಗೇ ಹೇಳಿಕೊಳ್ಳುತ್ತ ಹೋದರು. ಕೈ ಬೆಸುಗೆಯ ಹತ್ತಿರ ಬಂತು. ಕೈ ನಿಲ್ಲಲಿಲ್ಲ. ಬಚ್ಚಲ ಬಾಗಿಲಿನವರೆಗೂ ಹೋಗಿ, ಅಲ್ಲಿಂದ ತಿರುಗಿ, ಮತ್ತೊಮ್ಮೆ ಅದೇ ಜಾಗವನ್ನು ದಾಟಿತು.

"ಇಡೀ ಜಗಲಿ ಇಲ್ಲೇ ಬಂದು ಕೂತದೆ" ಎಂದರು ಗಂಗಮ್ಮ, ಒಳಗೆ ಹೋದರು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಒಳ್ಳೆಯ ಕೆಲಸ ಮಾಡಿದವನಿಗೆ ಅದನ್ನು ಒಬ್ಬರಿಗಾದರೂ ತೋರಿಸದಿದ್ದರೆ ಊಟ ಇಳಿಯುವುದಿಲ್ಲ. ಅಂಗಳಕ್ಕೆ ಬಂದ ಮಾವ ನಾಯಕರನ್ನು ಹತ್ತಿರ ಕರೆದು, ದನಿ ತಗ್ಗಿಸಿ, ನೀವು ಫೋನಿನಲ್ಲಿ ಹೇಳಿದ ಹಾಗೆಯೇ ಕೊಯ್ದು ಕೂಡಿಸಿದ್ದೇನೆ, ಬೆಸುಗೆ ಎಲ್ಲಿದೆ ಹುಡುಕಿ ನೋಡೋಣ ಎಂದ.

ನಾಯಕರ ಮುಖದಲ್ಲಿ ಏನೋ ಜಾರಿತು. ನಾನೇ? ಎಂದರು. ಕೂಡಲೇ ಹೌದು ಹೌದು, ಹೇಳಿದ್ದೆ ಎಂದು ನಕ್ಕರು. ಮಾವ ಹತ್ಯಾರು ಒಟ್ಟುಮಾಡಲು ಹೋದ ಮೇಲೆ ನಿತೇಶನ ತೋಳು ಹಿಡಿದರು.

"ತಮಾ, ನಮ್ಮನೆ ಫೋನು ಸತ್ತು ವಾರಗಟ್ಟಲೆ ಆಯ್ತು. ಹಂಗಾರೆ ನಾ ಬೂತಿಗೆ ಹೋಗಿರಬೇಕು. ಹೋಗದ್ದೂ ನೆನಪಿಲ್ಲ, ಹೇಳದ್ದೂ ನೆನಪಿಲ್ಲ. ಕೊಯ್ಯಬ್ಯಾಡ ಹೇಳಿ ಬಂದಂವ ನಾನೇ ಕೊಯ್ಯಿ ಹೇಳಿದ್ನಲಾ."

ಫೋನು ಸತ್ತಿತ್ತೆಂಬುದೇ ಅವರನ್ನು ಬಿಡಿಸಬೇಕಾದ ಸಾಕ್ಷಿ. ಅದನ್ನೂ ಅವರು ತಮ್ಮ ತಲೆಯ ಮೇಲೆಯೇ ಹಾಕಿಕೊಂಡಿದ್ದರು. ಮತ್ತೆ ಹೇಳಿದರು:

"ಅವಳ ಕಣ್ಣಿನ ಔಷಧ ನಾನೇ ಹಾಕೂದು. ಇನ್ನು ಬ್ಯಾಡ. ಸುನೀತಾ ಕಾರವಾರದಿಂದ ಕೆಲ್ಸ ಮುಗ್ಸಿ ಬಂದ್ಮೇಲೆ ಹಾಕ್ಲಿ. ಒಂದರ ಬದ್ಲಿ ಮತ್ತೊಂದು ಹಾಕಿದ್ರೆ ಎಂತ ಮಾಡೂದು?"

ನಿತೇಶ ಹೇಳಲು ಬಾಯಿ ತೆರೆದ. ಗಂಟಲಲ್ಲಿ ಕಂಟ್ರೋಲರಿದ್ದ, ಪ್ರಿನ್ಸಿಪಾಲರಿದ್ದರು, ಹೊನ್ನಿಯೂ ಇದ್ದಳು. ನಿತೇಶ ಮಾತ್ರ ಸಿಗಲಿಲ್ಲ. ಕೊನೆಗೆ ಬಂದದ್ದು ಒಂದು ಒಣಕೆಮ್ಮು.

"ಹ್ಞಾ, ಕೇಳು ತುಳಸಿದಾಸ. ಮರ ನಡೂಕೆ ಕೊಯ್ದು..."

ಮೆಲ್ಲಗೆಂದೇ ಆಡಿದ್ದ. ಆದರೂ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ ಮಾವನ ಕೈ ನಿಂತಿತು. ನಾಯಕರು ಅವನ ಬಾಯನ್ನೇ ನೋಡಿದರು. ಅರ್ಥವಾಗುತ್ತಿದ್ದ ಹಾಗೆ ಅವರ ಮುಖ ಸಡಿಲವಾಯಿತು. ಸಿಟ್ಟು ಬರುವ ಮೊದಲು ಬಂದದ್ದು ನಗು, ಕಣ್ಣಲ್ಲಿ ನೀರಿದ್ದ ನಗು. ಅವನ ಭುಜ ಹಿಡಿದು ಅಲುಗಿಸುತ್ತ, ನಾನಲ್ಲ, ಹಂಗಾರೆ ನಾನಲ್ಲ ಎಂದರು.

"ಎಂತದು ಕೊಯ್ದದ್ದು?"

ಗಂಗಮ್ಮ ಬಾಗಿಲಲ್ಲಿದ್ದರು. ಗಂಡನ ದನಿ ಕೇಳಿ ಬಂದವರು ಮುಖವನ್ನು ನಿತೇಶನ ಕಡೆ ತಿರುಗಿಸಿದ್ದರು. ನಾಯಕರ ನಗು ನಿಂತಿತು. ಗಂಗಮ್ಮ ತಿರುಗಿ ಮರ ಹಿಡಿದು ನಡೆದರು, ಈ ಸಲ ಬೆರಳ ತುದಿಯಿಂದ ಒತ್ತಿ ಒತ್ತಿ. ಬಚ್ಚಲಿನವರೆಗೆ ಹೋದರು, ಬಂದರು. ಸಿಗಲಿಲ್ಲ.

"ಬಾ ಇಲ್ಲಿ. ಎಲ್ಲಿ ತೋರ್ಸು."

"ತೋರಿಸಬ್ಯಾಡ" ಎಂದ ಮಾವ. ಅಳಿಯನ ಮೇಲೆ ಎಂದೂ ದನಿಯೇರಿಸದವನ ದನಿ ಗಡಸಾಗಿತ್ತು.

ಗಂಗಮ್ಮ ಕೈ ಚಾಚಿಕೊಂಡೇ ನಿಂತಿದ್ದರು. ಬೇರೆಲ್ಲೋ ಮುಟ್ಟಿಸಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಿತೇಶ ಒಳಗೆ ಹೋಗಿ, ಅವರ ತೋರುಬೆರಳು ಹಿಡಿದು, ಎಳೆ ತಪ್ಪಿದ ಕಡೆ ಇಟ್ಟ. ಅವರು ಉಗುರಿನಿಂದ ಅಡ್ಡಕ್ಕೆ ಒಮ್ಮೆ ಗೀರಿದರು. ಉಗುರು ಹಿಡಿಯಿತು.

"ಇಲ್ಲೇನಾ?" ಎಂದರು.

ಹೌದು ಆಯಿ ಎಂದ. ಅದು ಅವನದೇ ದನಿ, ಒಡೆದಿತ್ತು.

ಅವರು ಬೈಯಲಿಲ್ಲ. ಬಂದ ದಾರಿಯಲ್ಲೇ ಬಚ್ಚಲಿನತ್ತ ಹೊರಟವರು, ನಾಲ್ಕು ಹೆಜ್ಜೆ ಹೋಗಿ ಏನೋ ನೆನಪಾದಂತೆ ಕೋಣೆಯ ಕಡೆ ತಿರುಗಿದರು. ಬೆಸುಗೆ ಬಂದಾಗ ಕೈ ಮರವನ್ನು ಬಿಟ್ಟು ಮೇಲೆದ್ದಿತು. ಗೇಣು ದೂರ ಗಾಳಿಯಲ್ಲಿ ಹೋಗಿ, ಆಚೆ ಇಳಿಯಿತು.

ನಾಯಕರು ಅವರ ಹಿಂದೆಯೇ ಕೋಣೆಗೆ ಹೋದರು. ಒಳಗಿನಿಂದ ಕೆಮ್ಮು ಕೇಳಿತು. ಹ್ಞಾ, ಕೇಳು ಗಂಗೂ, ಔಷಧದ ಹೊತ್ತಾಯ್ತು ಎನ್ನುತ್ತಿದ್ದರು ನಾಯಕರು. ನಿತೇಶ ಹೊರಗೆ ಬಂದ. ಮಾವ ಚೀಲ ಹೆಗಲಿಗೆ ಹಾಕಿಕೊಂಡು ಅಷ್ಟರಲ್ಲಿ ರಸ್ತೆ ಸೇರಿದ್ದ, ಹಗ್ಗದ ಸುರುಳಿಯನ್ನು ಇವನು ಹೊರಲೆಂದು ಮೆಟ್ಟಿಲ ಮೇಲೆ ಬಿಟ್ಟಿದ್ದ.