ಹಗ್ಗದವನ ಕಿವಿ

ನಮ್ಮ ಕಸುಬಿನಲ್ಲಿ ಮಾತು ಕಡಿಮೆ ಇರಬೇಕು. ಯಂತ್ರದ ಭಾರದ ಗೇರು ಚಕ್ರ ಹಗ್ಗದಲ್ಲಿ ತೂಗುವಾಗ ಎರಡೇ ಮಾತು: ‘ಹಿಡಿ’, ‘ಬಿಡು’. ಮೂರನೆಯದನ್ನು ಆಡುವವನು ಮನೆಗೆ ಹೋಗಿ ಆಡಲಿ ಎಂದು ಕೊಪ್ಪದ ನನ್ನ ವರ್ಕ್‌ಶಾಪಿಗೆ ಬಂದವರಿಗೆಲ್ಲ ಗದರುತ್ತಿದ್ದೆ. ಉಪದೇಶ ಮಾಡುವುದರಲ್ಲಿ ಈ ನಿಜಾಮುದ್ದೀನನನ್ನು ಮೀರಿಸುವವರಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನರಸಿಂಹರಾಜಪುರದ ಒಂದು ಅಕ್ಕಿ ಮಿಲ್ಲಿಗೆ ಹೋಗಿದ್ದೆವು. ದೊಡ್ಡ ಶಾಫ್ಟಿನ ಬೇರಿಂಗ್ ಕೆಟ್ಟಿತ್ತು. ಜೊತೆಗೆ ಹತ್ತು ವರ್ಷದಿಂದ ನನ್ನ ಕೈಕೆಳಗೆ ದುಡಿಯುತ್ತಿದ್ದ ದೇವಪ್ಪ. ಹಗ್ಗ ಹಿಡಿಯಲು ಮಿಲ್ಲಿನ ಆಳು ಮಾರಪ್ಪ, ನಾರ್ವೆ ಎಂಬ ಹಳ್ಳಿಯವನು. ಬೇರಿಂಗಿಗೆ ಅಡ್ಡವಿದ್ದ ಗೇರನ್ನು ಕಳಚಿ, ತೊಲೆಗೆ ಕಟ್ಟಿದ ರಾಟೆಯಿಂದ ಮೇಲೆತ್ತಿಸಿದೆ. ಪಕ್ಕಕ್ಕೆ ಇಳಿಸಿಡಬೇಕಿತ್ತು. ಮತ್ತೆ ಎತ್ತುವ ರಗಳೆ ಯಾಕೆಂದು ಅಲ್ಲೇ ತೂಗುಹಾಕಿಸಿದೆ. ಮಾರಪ್ಪ ಹಗ್ಗವನ್ನು ಕಂಬಕ್ಕೆ ಸುತ್ತಿ ಹಿಡಿದು ನಿಂತ. ನಡುವೆ ಭತ್ತದ ಮೂಟೆಗಳ ರಾಶಿ. ಅವನಿಗೆ ನಾವು ಕಾಣುತ್ತಿರಲಿಲ್ಲ, ನನ್ನ ದನಿ ಮಾತ್ರ ಕೇಳುತ್ತಿತ್ತು.

ಬೇರಿಂಗ್ ಜಪ್ಪಯ್ಯ ಎಂದರೂ ಕದಲಲಿಲ್ಲ. ಎಳೆಯಲು ಹಾಕಿದ ಪುಲ್ಲರ್ ಎರಡು ಸಲ ಜಾರಿ ನನ್ನ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಅದು ಜಾರದಂತೆ ಹಿಡಿಯಲು ದೇವಪ್ಪ ಗೇರಿನ ಕೆಳಗೆ ಅಂಗಾತ ಮಲಗಿದ.

“ಹೊಸ ಅಳಿಯ ಕೂತಾಂಗೆ ಕೂತದೆ ಉಸ್ತಾದ್. ಕಜ್ಜಾಯ ಹಾಕದೆ ಏಳ್ತದಾ?” ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯುತ್ತಿತ್ತು. “ನಿಂದೊಂದು ಹರಟೆ! ಬಿಡು ಮಾರಾಯ!” ಎಂದು ಕೂಗಿದೆ.

ಮೂಟೆಗಳ ಆಚೆ ಮಾರಪ್ಪ ಹಗ್ಗ ಬಿಟ್ಟ.

ದೇವಪ್ಪ ಆಸ್ಪತ್ರೆ ತಲುಪಲಿಲ್ಲ. ಪೊಲೀಸರ ಮುಂದೆ ಮಾರಪ್ಪ, “ಉಸ್ತಾದ್ ಬಿಡು ಅಂದ್ರು, ಬಿಟ್ಟೆ” ಎಂದ. ನಾನು ಹಾಗೆ ಹೇಳಲೇ ಇಲ್ಲ ಎಂದುಬಿಟ್ಟೆ. ಹೆದರಿದ್ದೆ, ಅಷ್ಟೇ. ನಾನು ಊರೆಲ್ಲ ಬಲ್ಲ ಮೇಸ್ತ್ರಿ, ಅವನು ಕೂಲಿಯವನು. ಎಲ್ಲರೂ ನನ್ನನ್ನೇ ನಂಬಿದರು. ಮಿಲ್ಲಿನವರು ಅವನನ್ನು ಕೆಲಸದಿಂದ ಬಿಡಿಸಿದರು. ಕೆಪ್ಪ ಮಾರಪ್ಪ ಎಂಬ ಹೆಸರೂ ಬಿತ್ತು.

ಒಂದು ಮಳೆಗಾಲ ಪೂರ್ತಿ ತಡೆದುಕೊಂಡೆ. ಊಟ ಸೇರಲಿಲ್ಲ, ಕಸುಬು ಸೇರಲಿಲ್ಲ. ಕೊನೆಗೆ ನಾರ್ವೆಯ ಬಸ್ಸು ಹತ್ತಿದೆ.

ಬಾಗಿಲಲ್ಲಿ ಸಿಕ್ಕವಳು ಅವನ ಹೆಂಡತಿ ಗಿರಿಯಮ್ಮ. “ಕರೆದ್ರೆ ಓ ಅನ್ನೂದಿಲ್ಲ ಸಾಯ್ಬ್ರೆ. ನಿಜವಾಗ್ಲೂ ಕರೆದ್ಯಾ ಅಂತ ಬಂದು ಕೇಳ್ತಾರೆ. ಮಗು ಅತ್ರೂ ನನ್ನ ಮುಖ ನೋಡ್ತಾರೆ” ಎಂದಳು.

ಮಾರಪ್ಪ ಜಗುಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಎದುರು ಕೂತು ಹೇಳಿದೆ, “ಬಿಡು ಅಂದಿದ್ದು ನಾನೇ ಮಾರಪ್ಪ. ದೇವಪ್ಪನಿಗೆ ಅಂದಿದ್ದು. ನಿಂಗೆ ಸರಿಯಾಗೇ ಕೇಳಿತ್ತು.”

“ಎಂತ ಅಂದ್ರಿ?”

ಇನ್ನೊಮ್ಮೆ ಹೇಳಿದೆ. ಅವನು ಹೆಂಡತಿಯ ಕಡೆ ನೋಡಿದ. ಮೂರನೇ ಸಲ ಕಿರುಚಿಯೇ ಹೇಳಿದೆ.

ಅವನು ಕತ್ತಿ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು.

“ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡಿ ಸಾಯ್ಬ್ರೆ. ನಿಮ್ಮಂಥ ದೊಡ್ಡ ಮನಸ್ಸಿನೋರು ಇಷ್ಟು ದೂರ ಬಂದ್ರಲ್ಲ, ಅದೇ ಸಾಕು. ಗಿರಿ, ಇವ್ರಿಗೆ ಕಾಫಿ ಮಾಡು.”

ಅವಳು ಕಾಫಿ ತಂದಳು. ನಾನು ಕುಡಿದೆ.