ಕೊಳೆ ಹಾಲು

ನನ್ನ ಅತ್ತೆ ಕೃಷ್ಣಮ್ಮ ಕುಂದಲಹಳ್ಳಿಗೆಲ್ಲ ಗಿಣ್ಣು ಹಂಚಿ ಹೆಸರು ಮಾಡಿದವರು. ನಮ್ಮ ಹೊಲದ ಮೇಲೆ ಬಾಡಿಗೆ ಮನೆಗಳು ಎದ್ದು ಎಷ್ಟೋ ಕಾಲವಾಯಿತು, ಆದರೂ ಹಿತ್ತಲಲ್ಲಿ ಒಂದು ಹಸು ಉಳಿಸಿಕೊಂಡಿದ್ದಾರೆ. ಅದು ಕರು ಹಾಕಿದಾಗಲೆಲ್ಲ ಬಾಡಿಗೆಯವರು ಡಬ್ಬಿ ಹಿಡಿದು ನಿಲ್ಲಬೇಕು, ಕೃಷ್ಣಮ್ಮನ ಕೈ ದೊಡ್ಡದು ಅನ್ನಬೇಕು. ನನ್ನ ಹಾಲು ಚೆಲ್ಲಿದ್ದೂ ಅದೇ ಕೈ.

ತವರಿನಲ್ಲಿ ಅಮ್ಮ ಇಲ್ಲ, ಹಾಗಾಗಿ ನನ್ನ ಬಾಣಂತನ ಗಂಡನ ಮನೆಯಲ್ಲೇ. ಹೆರಿಗೆಯಾದ ದಿನ ಆಸ್ಪತ್ರೆಯಲ್ಲಿ, ನರ್ಸು ಆಚೆ ಹೋಗುತ್ತಿದ್ದಂತೆ, ಅತ್ತೆ ನನ್ನ ಎದೆಯಿಂದ ಹಳದಿ ಹಾಲನ್ನು ಲೋಟಕ್ಕೆ ಹಿಂಡಿ ಬಚ್ಚಲಿಗೆ ಸುರಿದರು. "ಕೊಳೆ ಆಲು ಕಣಮ್ಮ, ಮಗೀಗೆ ಆಗಾಕಿಲ್ಲ" ಎಂದು ಮಗಳಿಗೆ ಸಕ್ಕರೆ ನೀರು ನೆಕ್ಕಿಸಿದರು. ಆಮೇಲೆ ಬಾಟಲಿ ಬಂತು. ಬಾಟಲಿಗೆ ಒಗ್ಗಿದ ಮಗಳು ನನ್ನ ಎದೆಗೆ ಹಿಡಿದರೆ ಚೀರುತ್ತಿದ್ದಳು, ಹಾಲು ಬತ್ತತೊಡಗಿತು. ಸೊಸೆಗೆ ಹಾಲೇ ಇಲ್ಲ ಎಂದು ಅತ್ತೆ ಬಾಡಿಗೆಯವರಿಗೆಲ್ಲ ಸಾರಿಕೊಂಡು ಬಂದರು.

ಆಸ್ಪತ್ರೆಯಲ್ಲಿ ಎದೆಹಾಲಿನ ಸಲಹೆ ಕೊಡುವ ಯಮುನಾ ಮೇಡಂಗೆ ನಾನು ಫೋನ್ ಮಾಡಿ ಕಣ್ಣೀರು ಹಾಕಿದೆ. ಹಾಲು ಪೂರ್ತಿ ಹೋಗಿಲ್ಲ, ಮಗು ಹಿಡಿಯುವ ರೀತಿ ಸರಿ ಮಾಡಿದರೆ ವಾಪಸ್ ಬರುತ್ತದೆ, ತಡ ಮಾಡಬೇಡಿ ಎಂದ ಅವರು ಮರುದಿನ ಮನೆಗೇ ಬಂದರು. ಬಾಣಂತಿ ಕೋಣೆಗೆ ಹೊರಗಿನವರು ಬಂದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಗೇಟಿನಿಂದಲೇ ಕಳಿಸಿಬಿಟ್ಟರು. ನನ್ನ ಗಂಡ ಶ್ರೀಧರ್ ಪಕ್ಕದಲ್ಲೇ ನಿಂತು ಮೊಬೈಲ್ ಒತ್ತುತ್ತಿದ್ದ.

ಅದೇ ವಾರ ಹಸು ಕರು ಹಾಕಿತು. ಶ್ರೀಧರ್ ತಂಬಿಗೆ ಹಿಡಿದು ಹೋದರೆ ಅತ್ತೆ ಗದರಿದ್ದು ಕಿಟಕಿಯಲ್ಲಿ ಕೇಳಿಸಿತು.

"ಮೊದ್ಲು ಕರು ಕುಡೀಲಿ ಕಣೋ. ಆ ಗಿಣ್ಣಾಲು ಒಟ್ಟೆಗೆ ಓಗ್ದಿದ್ರೆ ಕರು ಉಳಿಯಾಕಿಲ್ಲ."

ಅಯ್ಯೋ ಮಹಾತಾಯಿ! ಕರುವಿನ ಮಟ್ಟಿಗೆ ಎಲ್ಲ ಗೊತ್ತಿತ್ತು.

ಕರು ಕುಡಿದು ಮಿಕ್ಕಿದ್ದೇ ಒಂದು ಪಾತ್ರೆ ತುಂಬ ಬಂತು. ಬಾಗಿಲಲ್ಲಿ ಆಗಲೇ ಡಬ್ಬಿ ಹಿಡಿದ ಹೆಂಗಸರು, ಎಲ್ಲರಿಗಿಂತ ಮುಂದೆ ರಾಯಚೂರು ಕಡೆಯ ಹನುಮವ್ವ. ನಾನು ತಲೆಗೆ ಕಟ್ಟಿದ ಸ್ಕಾರ್ಫಿನಲ್ಲೇ ಕೋಣೆ ದಾಟಿ ಬಂದು, ಪಾತ್ರೆ ಎತ್ತಿ, ಎಲ್ಲರ ಕಣ್ಣೆದುರೇ ಬಚ್ಚಲಿಗೆ ಸುರಿದೆ. ಅತ್ತೆ ಓಡಿ ಬಂದು ಖಾಲಿ ಪಾತ್ರೆ ಕಸಿದುಕೊಂಡರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಯವ್ವಾ, ಗಿಣ್ಣ ಯಾರರ ಚೆಲ್ತಾರೇನು?" ಎಂದಳು ಹನುಮವ್ವ.

"ನಮ್ಮತ್ತೆ ಚೆಲ್ತಾರೆ. ಹಳದಿ ಇದ್ರೆ ಕೊಳೆ ಹಾಲಂತೆ," ಎಂದು ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಯಮುನಾ ಮೇಡಂ ಒಳಗೆ ಬರುವವರೆಗೂ ಕರೆದ ಹಾಲನ್ನೆಲ್ಲ ಹೀಗೇ ಸುರಿಯುತ್ತೇನೆ ಎಂದೆ. ಹೆಂಗಸರು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಶ್ರೀಧರ್ ತಾನಾಗಿ ಮೊಬೈಲ್ ಕಿವಿಗಿಟ್ಟ.

ಮೇಡಂ ಸಂಜೆಯೇ ಬಂದರು. ಮಗಳನ್ನು ನನ್ನ ಮೈಗೆ ಒತ್ತಿ ಮಲಗಿಸಿ, ಬಾಯಿ ಅಗಲ ತೆರೆಯುವವರೆಗೆ ಕಾಯಿಸಿದರು. ಚೀರಿ, ಒದ್ದು, ಕೊನೆಗೆ ಅವಳು ಕಚ್ಚಿ ಹಿಡಿದಳು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮರುದಿನ ಅತ್ತೆ ಹೊಸ ಗಿಣ್ಣಿನ ಪಾತ್ರೆ ಹಿಡಿದು ಕೋಣೆಯ ಬಾಗಿಲಿಗೆ ಬಂದು, ಹಂಚಲೇ ಎಂದು ನನ್ನನ್ನು ಕೇಳಿದರು.

"ಹಂಚಿ. ಸೊಸೆಗೆ ಹಾಲಿತ್ತು, ನಾನೇ ಚೆಲ್ದೆ ಅಂತ ಒಬ್ಬೊಬ್ರಿಗೂ ಹೇಳಿ ಹಂಚಿ."

ಮಗಳು ಗುಟುಕರಿಸುತ್ತಿದ್ದಳು. ಹೊರಗೆ ಅತ್ತೆ ಹನುಮವ್ವನ ಡಬ್ಬಿಗೆ ಹಾಲು ಬಗ್ಗಿಸುತ್ತಾ ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಅತ್ತೆ," ಎಂದೆ. "ಜೋರಾಗಿ ಹೇಳಿ."